ಅಕ್ಕಿಯೊಳಗಿನ ಕಲ್ಲು, ಸಂತೆಯ ಎಮ್ಮೆ: ಅರ್ಥಶಾಸ್ತ್ರ ಪಾಠ ಮಾಡಿದ ನನ್ನ ಅನುಭವ

ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಬಿ.ಎ. ಮಕ್ಕಳಿಗೆ ಸೂಕ್ಷ್ಮ ಅರ್ಥಶಾಸ್ತ್ರ ಕಲಿಸುತ್ತೇನೆ. ಅಸಮ ಮಾಹಿತಿಯ ಪಾಠ ಬಂದಾಗ ಮೊದಲ ಕೆಲವು ವರ್ಷ ನೋಟ್ಸಿನಲ್ಲಿದ್ದದ್ದನ್ನೇ ಹೇಳಿ ಮುಗಿಸುತ್ತಿದ್ದೆ. ಹಳೆ ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ, ಹಾಗಾಗಿ ಒಳ್ಳೆಯ ಕಾರುಗಳು ಮಾರುಕಟ್ಟೆ ಬಿಟ್ಟು ಹೋಗುತ್ತವೆ. ಅಮೆರಿಕದವರು ಕೆಟ್ಟ ಕಾರಿಗೆ 'ಲೆಮನ್' ಅನ್ನುತ್ತಾರೆ. ನೋಟ್ಸಿನಲ್ಲಿ ಅದು 'ನಿಂಬೆಹಣ್ಣಿನ ಮಾರುಕಟ್ಟೆ' ಎಂದಾಗಿತ್ತು. ಮಕ್ಕಳು ಅದನ್ನೇ ಬಾಯಿಪಾಠ ಮಾಡಿ ಬರೆಯುತ್ತಿದ್ದರು. ಒಳ್ಳೆಯ ಕಾರು ಯಾಕೆ ಹೊರಗೆ ಹೋಗುತ್ತದೆ ಎಂದು ಕೇಳಿದರೆ ಉತ್ತರವಿರಲಿಲ್ಲ. ಅವರಲ್ಲಿ ಯಾರ ಮನೆಯಲ್ಲೂ ಕಾರು ಕೊಂಡಿರಲಿಲ್ಲ.

ಒಂದು ಬೇಸಿಗೆ ರಜೆಯಲ್ಲಿ ಈ ಪಾಠ ಹುಟ್ಟಿದ, ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರ 1970ರ ಮೂಲ ಲೇಖನವನ್ನೇ ಹಿಡಿದು ಕೂತೆ. ಮೂರು ಪತ್ರಿಕೆಗಳು ಬೇಡವೆಂದ ಮೇಲೆ ನಾಲ್ಕನೆಯದರಲ್ಲಿ ಅಚ್ಚಾದ ಲೇಖನ ಅದು. ಮುಂದೆ 2001ರಲ್ಲಿ ಅವರಿಗೆ ಸ್ಪೆನ್ಸ್, ಸ್ಟಿಗ್ಲಿಟ್ಜ್ ಜೊತೆ ನೊಬೆಲ್ ಬಂದದ್ದು ಇಂಥ ಕೆಲಸಕ್ಕೇ. ಕಾರಿನ ಮಾತು ಮುಗಿದು ಮುಂದಕ್ಕೆ ಹೋದರೆ ನಮ್ಮ ದೇಶವೇ ಎದುರಾಯಿತು! ಅಕರ್ಲಾಫ್ 1967-68ರಲ್ಲಿ ದೆಹಲಿಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದ್ದವರು. ಪೇಟೆಯಿಂದ ತಂದ ಅಕ್ಕಿಯಲ್ಲಿ ಬೇಕೆಂದೇ ಬೆರೆಸಿದ, ಅಕ್ಕಿಯದೇ ಬಣ್ಣ, ಅಕ್ಕಿಯದೇ ಆಕಾರದ ಕಲ್ಲುಗಳನ್ನು ಇಲ್ಲಿನ ಹೆಣ್ಣುಮಕ್ಕಳು ಆರಿಸಿ ತೆಗೆಯಬೇಕಾಗುತ್ತದೆ ಎಂದು ಅದರಲ್ಲಿ ಬರೆದಿದ್ದಾರೆ. ನಮ್ಮವ್ವ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಹಸನು ಮಾಡುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಇಷ್ಟು ವರ್ಷ ಮನೆಯ ಮೊರ ಬಿಟ್ಟು ಕಾಣದ ಕಾರು ತೋರಿಸುತ್ತಿದ್ದೆನಲ್ಲ ಎಂದು ಬಹಳ ನೋವಾಯಿತು.

ಆ ವರ್ಷದಿಂದ ಮೊದಲು ಆಟ, ಆಮೇಲೆ ಪಾಠ.

ಹತ್ತು ಮಕ್ಕಳು ಹಳೆ ಬೈಕ್ ಮಾರುವವರು, ಹತ್ತು ಮಕ್ಕಳು ಕೊಳ್ಳುವವರು. ಮಾರುವವರ ಕೈಗೆ ಮಡಚಿದ ಚೀಟಿ: ಐದರಲ್ಲಿ 'ಗಟ್ಟಿ', ಐದರಲ್ಲಿ 'ಡಕೋಟ'. ಡಕೋಟ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಡಕೋಟ ಬೈಕು ಮಾರುವವನಿಗೆ 10 ಸಾವಿರದ್ದು, ಕೊಳ್ಳುವವನಿಗೆ 20 ಸಾವಿರದ್ದು. ಗಟ್ಟಿ ಬೈಕು ಮಾರುವವನಿಗೆ 30, ಕೊಳ್ಳುವವನಿಗೆ 50 ಎಂದಿಟ್ಟೆ. ನಾನು ತಪ್ಪಿದ್ದು ಇಲ್ಲೇ. ಚೀಟಿ ಕಾಣದವನ ಲೆಕ್ಕದಲ್ಲಿ ಒಂದು ಬೈಕಿನ ಸರಾಸರಿ ಬೆಲೆ 35 ಸಾವಿರ. ಗಟ್ಟಿ ಬೈಕಿನವನಿಗೆ 30 ಸಿಕ್ಕರೆ ಸಾಕು. 32, 33ಕ್ಕೆ ಎಲ್ಲ ಬೈಕೂ ಮಾರಿಹೋದವು. 'ಸರ್, ಯಾರೂ ಹೊರಗ ಹೋಗಲಿಲ್ಲಲ್ರಿ?' ಎಂದರು ಮಕ್ಕಳು. ಅವರು ಹೇಳಿದ್ದು ಸರಿಯೇ ಇತ್ತು. ಮಾಹಿತಿ ಒಂದು ಕಡೆಗೇ ಇದ್ದ ಮಾತ್ರಕ್ಕೆ ಮಾರುಕಟ್ಟೆ ಕುಸಿಯುವುದಿಲ್ಲ. ಡಕೋಟಗಳ ಪಾಲು ಎಷ್ಟು, ಒಳ್ಳೆಯ ಮಾಲಿನವನು ಎಷ್ಟಕ್ಕೆ ಬಿಟ್ಟುಕೊಡುತ್ತಾನೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಇಷ್ಟು ವರ್ಷ ಪಾಠ ಹೇಳಿಯೂ ಇದು ನನಗೆ ಸರಿಯಾಗಿ ತಿಳಿದದ್ದು ಅವತ್ತೇ.

ಮರುದಿನ 30ರ ಜಾಗಕ್ಕೆ 40 ಹಾಕಿದೆ. ಮೊದಲ ಸುತ್ತಿನಲ್ಲಿ ಕೊಳ್ಳುವವರು 30, 35 ಎಂದು ಕೂಗಿದರು. ಗಟ್ಟಿ ಚೀಟಿಯವರು ಮುಷ್ಟಿ ಬಿಗಿಹಿಡಿದು ಕೂತರು, ಮಾರಿದವರೆಲ್ಲ ಡಕೋಟದವರೇ. ಕೊಂಡವರು ಚೀಟಿ ಬಿಚ್ಚಿ ನೋಡಿದಾಗ ಮುಖ ಸಪ್ಪಗಾಯಿತು. ಎರಡನೇ ಸುತ್ತಿನಲ್ಲಿ 20ರ ಮೇಲೆ ಯಾರೂ ಬಾಯಿ ಬಿಡಲಿಲ್ಲ. ಐದು ಗಟ್ಟಿ ಬೈಕುಗಳೂ ಮಾರಾಟವಾಗದೆ ಉಳಿದವು, ಅವಕ್ಕೆ 50 ಸಾವಿರ ಬೆಲೆ ಕಟ್ಟುವವರು ಎದುರಿಗೇ ಕೂತಿದ್ದರೂ. ಮೂರನೇ ಸುತ್ತಿಗೆ ಒಂದು ನಿಯಮ ಸೇರಿಸಿದೆ: ಬೇಕಾದವರು 'ಡಕೋಟ ಬಂದರೆ ಪೂರ್ತಿ ದುಡ್ಡು ವಾಪಸ್' ಎಂದು ಬರೆದುಕೊಡಬಹುದು. ಗಟ್ಟಿ ಬೈಕಿನ ಐವರೂ ಬರೆದುಕೊಟ್ಟರು. ಡಕೋಟದವರು ಬರೆಯಲಿಲ್ಲ. ಗಟ್ಟಿ ಬೈಕುಗಳು 45ರ ಆಸುಪಾಸಿಗೆ ಹೋದವು.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತ. 'ಸರ್, ಎಮ್ಮಿ ಸಂತ್ಯಾಗೂ ಹಿಂಗ ಐತ್ರಿ.' ಮಾರುವವರು ಒಂದು ಹೊತ್ತು ಹಾಲು ಕರೆಯದೆ ತರುತ್ತಾರಂತೆ, ಕೆಚ್ಚಲು ತುಂಬಿ ಕಾಣಲಿ ಎಂದು. ಅವರಪ್ಪ ಸಂತೆಯಲ್ಲಿ ಕಂಡ ಕೆಚ್ಚಲು ನಂಬುವವರಲ್ಲ. ಮಾರುವವರ ಮನೆಗೇ ಹೋಗಿ, ಸಂಜೆ ಒಮ್ಮೆ, ಬೆಳಗ್ಗೆ ಒಮ್ಮೆ ಎದುರಿಗೆ ಹಾಲು ಕರೆಸಿ ನೋಡಿಯೇ ರೇಟು ಮಾತಾಡುತ್ತಾರೆ. ಬೋರ್ಡಿನ ಮೇಲೆ ಎರಡು ಪದ ಬರೆದೆ: ಮಾರುವವನೇ ಮುಂದೆ ಬಂದು ಗ್ಯಾರಂಟಿ ಕೊಡುವುದು 'ಸಂಕೇತ', ಕೊಳ್ಳುವವನೇ ಎರಡು ಹೊತ್ತು ಕರೆಸಿ ನೋಡುವುದು 'ಜರಡಿ'. ಮೊದಲನೆಯದು ಸ್ಪೆನ್ಸ್ ಹೇಳಿದ್ದು, ಎರಡನೆಯದರ ಮೇಲೆ ಕೆಲಸ ಮಾಡಿದವರು ಸ್ಟಿಗ್ಲಿಟ್ಜ್. ಆ ವರ್ಷದ ಪರೀಕ್ಷೆಯಲ್ಲಿ ಎಮ್ಮೆಯ ಉದಾಹರಣೆ ಬರೆದವರಿಗೆಲ್ಲ ಖುಷಿಯಿಂದ ಪೂರ್ತಿ ಅಂಕ ಕೊಟ್ಟೆ.

ವರ್ತನಾ ಅರ್ಥಶಾಸ್ತ್ರಕ್ಕೆ, ಅಂದರೆ ಜನ ನಿಜವಾಗಿ ಹೇಗೆ ತೀರ್ಮಾನ ಮಾಡುತ್ತಾರೆ ಎನ್ನುವ ಪಾಠಕ್ಕೆ, ಕಾಹ್ನೆಮನ್, ನೆಟ್ಷ್, ಥೇಲರ್ 1990ರಲ್ಲಿ ಪ್ರಕಟಿಸಿದ ಮಗ್ ಪ್ರಯೋಗವನ್ನು ಮಾಡಿಸುತ್ತೇನೆ. ಕೈಗೆ ಮಗ್ ಸಿಕ್ಕ ವಿದ್ಯಾರ್ಥಿಗಳು, ಸಿಗದವರು ಕೊಡಲು ಒಪ್ಪಿದ್ದರ ಸುಮಾರು ಎರಡರಷ್ಟು ಬೆಲೆ ಕೇಳಿದ್ದರು: ತನ್ನದಾದ ವಸ್ತುವಿಗೆ ಬೆಲೆ ಹೆಚ್ಚು ಕಾಣುತ್ತದೆ. ನಾನು ಮೊದಲು ಪೆನ್ನು ಹಂಚಿ ಕೆಡಿಸಿದೆ. ಅದು ಅಂಗಡಿಯಲ್ಲಿ 10 ರೂಪಾಯಿ ಎಂದು ಎಲ್ಲರಿಗೂ ಗೊತ್ತು, ಎಲ್ಲರೂ 10 ಎಂದೇ ಬರೆದರು. ಈಗ ಚನ್ನಪಟ್ಟಣದ ಬಣ್ಣದ ಬುಗುರಿ ಹಂಚುತ್ತೇನೆ. ಅಂಗಡಿ ಬೆಲೆ ನಾಲಿಗೆ ತುದಿಯಲ್ಲಿಲ್ಲದ ವಸ್ತುವೇ ಬೇಕು.

ಮತದಾನದ ವಿರೋಧಾಭಾಸಕ್ಕೆ, ಅಂದರೆ ಎರಡೆರಡರ ನಡುವೆ ಮತ ಹಾಕಿದರೆ ಪ್ರತಿಯೊಂದೂ ಇನ್ನೊಂದಕ್ಕೆ ಸೋಲುವುದಕ್ಕೆ, ಪ್ರವಾಸವನ್ನೇ ಹಿಡಿದೆ: ಹಂಪಿ, ಜೋಗ, ಗೋಕರ್ಣ. ಮಕ್ಕಳ ನಿಜವಾದ ಇಷ್ಟ ಕೇಳಿದರೆ ಜೋಗ ಉಳಿದೆರಡನ್ನೂ ಸೋಲಿಸಿತು, ವಿರೋಧಾಭಾಸ ಬರಲೇ ಇಲ್ಲ. ಹಾಗಾಗಿ 36 ಮಂದಿಗೂ ಇಷ್ಟವನ್ನು ಚೀಟಿಯಲ್ಲಿ ಬರೆದು ಕೊಟ್ಟೆ. 13 ಮಂದಿಗೆ ಹಂಪಿ, ಜೋಗ, ಗೋಕರ್ಣ ಈ ಕ್ರಮ. 12 ಮಂದಿಗೆ ಜೋಗ, ಗೋಕರ್ಣ, ಹಂಪಿ. ಉಳಿದ 11 ಮಂದಿಗೆ ಗೋಕರ್ಣ, ಹಂಪಿ, ಜೋಗ. ಹಂಪಿ ಜೋಗವನ್ನು 24-12ರಿಂದ ಗೆದ್ದಿತು, ಜೋಗ ಗೋಕರ್ಣವನ್ನು 25-11ರಿಂದ, ಗೋಕರ್ಣ ಹಂಪಿಯನ್ನು 23-13ರಿಂದ. ಸುತ್ತಿ ಸುತ್ತಿ ಅಲ್ಲಿಗೇ ಬಂತು. ಫ್ರಾನ್ಸಿನ ಗಣಿತಜ್ಞ ಕಾಂಡೊರ್ಸೆ 1785ರಲ್ಲಿ ತೋರಿಸಿದ್ದು ಇದನ್ನೇ.

ಆಮೇಲೆ ಗೆದ್ದದ್ದು ಮಾತ್ರ ಮುಂದಿನ ಸುತ್ತಿಗೆ ಎಂದೆ. ಹಂಪಿ-ಜೋಗ ಮೊದಲಾದರೆ ಕೊನೆಗೆ ಗೋಕರ್ಣ. ಜೋಗ-ಗೋಕರ್ಣ ಮೊದಲಾದರೆ ಹಂಪಿ. ಗೋಕರ್ಣ-ಹಂಪಿ ಮೊದಲಾದರೆ ಜೋಗ. ಮತ ಹಾಕಿದವರು ಅವರೇ, ಚೀಟಿಗಳೂ ಅವೇ. ಮುಂದಿನ ಸಾಲಿನ ಹುಡುಗಿಯೊಬ್ಬಳು ಬೋರ್ಡನ್ನೇ ನೋಡುತ್ತ ಕೂತಿದ್ದಳು. 'ಹಂಗಾರ ಯಾವ ಜೋಡಿ ಮೊದ್ಲು ಅಂತ ಬರಿಯೋರ ಕೈಯಾಗ ಎಲ್ಲಾ ಐತಲ್ರಿ ಸರ್' ಎಂದಳು. ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದರೆ, ಜನರ ಇಷ್ಟದ ಕ್ರಮಗಳನ್ನು ಒಟ್ಟುಗೂಡಿಸುವ ಯಾವ ಪದ್ಧತಿಯೂ ನ್ಯಾಯದ ಕೆಲವು ಸರಳ ನಿಯಮಗಳನ್ನೆಲ್ಲ ಒಟ್ಟಿಗೆ ಪಾಲಿಸಲಾರದು ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1951ರಲ್ಲಿ ಸಾಧಿಸಿದ ಪ್ರಮೇಯದ ಕಡೆಗೆ ಹೋಗಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕಿರಲಿಲ್ಲ. ಆ ತಾಸೆಲ್ಲ ಅವಳ ಮಾತಿನ ಮೇಲೇ ನಡೆಯಿತು. ಸಹಕಾರ ಸಂಘದ ಸಭೆಯಲ್ಲಿ ಯಾವ ವಿಷಯ ಮೊದಲು ಬರುತ್ತದೆ, ಅದನ್ನು ಯಾರು ಬರೆಯುತ್ತಾರೆ ಎಂದು ಮಕ್ಕಳೇ ಚರ್ಚೆಗೆ ತಂದರು.

ಮರುವರ್ಷದ ತಂಡಕ್ಕೆ ನಿಜವಾಗಿಯೂ ಪ್ರವಾಸವಿತ್ತು. ಮತಕ್ಕೆ ಹಾಕೋಣ ಎಂದು ನಾನು ಚಾಕ್‌ಪೀಸ್ ಎತ್ತಿಕೊಂಡೆ. 'ಮೂರೂ ಜೋಡಿಗೆ ಮತ ಹಾಕಿಸ್ರಿ ಸರ್, ಒಂದನ್ನೂ ಬಿಡಬ್ಯಾಡ್ರಿ' ಎಂದು ನಾಲ್ಕೈದು ಮಂದಿ ಒಟ್ಟಿಗೇ ಎದ್ದರು. ಹಾಕಿಸಿದೆ. ಗೋಕರ್ಣ ಎರಡನ್ನೂ ಗೆದ್ದಿತು.