ಪ್ರಶ್ನೆಯ ಕೊನೆಯ ಸಾಲನ್ನೇ ಮೊದಲು ಓದಿದೆ: ಸಿಸ್ಯಾಟ್ ದಾಟಿದ ನನ್ನ ಅನುಭವ

ಯುಪಿಎಸ್‌ಸಿ ಪೂರ್ವಭಾವಿ ಪರೀಕ್ಷೆಯ ಎರಡನೇ ಪತ್ರಿಕೆಯಾದ ಸಿಸ್ಯಾಟ್‌ನಲ್ಲಿ 200ಕ್ಕೆ 66 ಅಂಕ ಬಂದರೆ ಸಾಕಲ್ಲವೇ ಎಂಬ ಉಡಾಫೆಯಲ್ಲಿ ನಾನು ಎರಡು ವರ್ಷ ಕಳೆದುಕೊಂಡೆ. ಮೊದಲ ಸಲ 52ರಷ್ಟು, ಎರಡನೇ ಸಲ 61ರ ಆಸುಪಾಸು ಬಂದಿತ್ತು. ಬೆಂಗಳೂರಿನ ವಿಜಯನಗರದಲ್ಲಿ ಕೋಚಿಂಗ್, ಬಾಡಿಗೆ, ಟೆಸ್ಟ್ ಸೀರೀಸ್ ಎಂದು ಹೆಚ್ಚುಕಡಿಮೆ ಒಂದೂಕಾಲು ಲಕ್ಷ ಸುರಿದು ತುಮಕೂರಿಗೆ ಮರಳಿದಾಗ, ಕನ್ನಡ ಮಾಧ್ಯಮದವರಿಗೆ ಓದಿ ಉತ್ತರಿಸಬೇಕಾದ ಆ ಇಂಗ್ಲಿಷ್ ಪ್ಯಾಸೇಜುಗಳು ದಕ್ಕುವುದಿಲ್ಲ, ಗಣಿತವನ್ನೇ ನೆಚ್ಚಿಕೋ ಎಂದು ಜೊತೆಗೆ ಓದುತ್ತಿದ್ದವರೆಲ್ಲ ಬುದ್ಧಿ ಹೇಳಿದರು.

ಹಳೆಯ ತಪ್ಪುಗಳನ್ನು ಹರವಿಕೊಂಡು ಕುಳಿತಾಗ, ನನಗೆ ಪ್ಯಾಸೇಜು ಅರ್ಥವಾಗಿತ್ತು, ಕೇಳಿದ್ದೇನೆಂಬುದು ಅರ್ಥವಾಗಿರಲಿಲ್ಲ ಎಂದು ತಿಳಿಯಿತು. ಇನ್‌ಫರೆನ್ಸ್ (ಬರೆದಿದ್ದರಿಂದ ಹೊರಡುವ ತೀರ್ಮಾನ) ಕೇಳಿದ ಕಡೆ ಅಸಂಪ್ಷನ್ನಿಗೆ (ಬರೆಯದೆಯೇ ಒಪ್ಪಿಕೊಂಡ ಊಹೆ) ಗುರುತು ಹಾಕಿದ್ದೆ. ಕ್ರಕ್ಸ್ (ಒಟ್ಟು ಸಾರ) ಕೇಳಿದ ಕಡೆ ಪ್ಯಾಸೇಜಿನ ಒಂದು ಸಾಲನ್ನೇ ಎತ್ತಿಕೊಟ್ಟ ಆಪ್ಷನ್ನಿಗೆ ಮರುಳಾಗಿದ್ದೆ. ಅಂಥ ಪ್ರತಿ ತಪ್ಪಿಗೂ ಬರಬೇಕಿದ್ದ 2.5 ಅಂಕದ ಜೊತೆಗೆ ನೆಗೆಟಿವ್ ಮಾರ್ಕಿಂಗ್‌ನಲ್ಲಿ ಇನ್ನೂ 0.83 ಕೈಬಿಡುತ್ತಿತ್ತು.

ಅಂದಿನಿಂದ ಪ್ಯಾಸೇಜಿಗಿಂತ ಮೊದಲು ಪ್ರಶ್ನೆಯ ಕೊನೆಯ ಸಾಲನ್ನೇ ಓದತೊಡಗಿದೆ. ಆಮೇಲೆ ನಾನೇ ಕನ್ನಡದಲ್ಲಿ ಪ್ಯಾಸೇಜು ಬರೆಯತೊಡಗಿದೆ. 'ಕೊಬ್ಬರಿ ಬೆಲೆ ಕುಸಿದಿದೆ, ಆದ್ದರಿಂದ ತಿಪಟೂರಿನ ಬೆಳೆಗಾರರು ಎಳನೀರು ಮಾರುವುದೇ ಲೇಸು' ಎಂದುಕೊಳ್ಳಿ. ಎಳನೀರಿನಿಂದ ಕೊಬ್ಬರಿಗಿಂತ ಹೆಚ್ಚು ಗಿಟ್ಟುತ್ತದೆ ಎಂಬುದು ಎಲ್ಲೂ ಬರೆದಿಲ್ಲ. ಆದರೆ ಅದನ್ನು ಅಲ್ಲಗಳೆದರೆ ಇಡೀ ವಾದವೇ ಕುಸಿಯುತ್ತದೆ, ಹಾಗಾಗಿ ಅದು ಅಸಂಪ್ಷನ್. ಬೆಳೆಗಾರರೆಲ್ಲ ಕೊಬ್ಬರಿ ಮಾಡುವುದನ್ನು ಬಿಡುತ್ತಾರೆ ಎಂಬುದು ಅಸಂಪ್ಷನ್ನೂ ಅಲ್ಲ, ಇನ್‌ಫರೆನ್ಸೂ ಅಲ್ಲ. ಹೀಗೆ ಸುಮಾರು ನೂರು ಬರೆದ ಮೇಲೆ ಇಂಗ್ಲಿಷ್ ಪತ್ರಿಕೆಯ ಭಯ ಹೋಯಿತು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. 'ಓನ್ಲಿ', 'ಆಲ್', 'ಮಸ್ಟ್' ಇರುವ ಆಪ್ಷನ್ನನ್ನು ಕಣ್ಣುಮುಚ್ಚಿ ಹೊಡೆದುಹಾಕಿ ಎನ್ನುವ ಕೋಚಿಂಗ್ ಸೂತ್ರವನ್ನು ಎಪ್ಪತ್ತರಷ್ಟು ಹಳೆಯ ಪ್ರಶ್ನೆಗಳ ಮೇಲೆ ಹಾಕಿ ನೋಡಿದರೆ, ಹತ್ತರಲ್ಲಾದರೂ ಸರಿಯುತ್ತರವೇ ಹಾರಿಹೋಯಿತು, ಏಕೆಂದರೆ ಆ ಪ್ಯಾಸೇಜುಗಳ ಮಾತೇ ಅಷ್ಟು ಖಡಾಖಂಡಿತವಾಗಿತ್ತು. ಪ್ಯಾಸೇಜು 'ಮೇ' (ಆಗಬಹುದು) ಎಂದಾಗ 'ವಿಲ್' (ಆಗುತ್ತದೆ) ಎನ್ನುವ ಆಪ್ಷನ್ನನ್ನು ಮಾತ್ರ ನಾನೀಗ ಅನುಮಾನಿಸುತ್ತೇನೆ. ಕೊನೆಗೆ ಎರಡೇ ಆಪ್ಷನ್ ಉಳಿದಾಗ ನೋಡುವ ಗುರುತೊಂದಿದೆ. ಮುಂದಿನ ಸಲ ನಾನೂ ಬರೆಯಬೇಕಾಗಬಹುದಾದ್ದರಿಂದ ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಮೂರನೇ ಸಲ 90 ದಾಟಿತು. ಹಳೆಯ ಪತ್ರಿಕೆಗಳ ಜೆರಾಕ್ಸಿಗೆ ಆದ ಖರ್ಚು ಐನೂರು ರೂಪಾಯಿಯೂ ಇರಲಿಲ್ಲ, ಗಣಿತ ನೆಚ್ಚಿಕೋ ಎಂದವರಲ್ಲಿ ಇಬ್ಬರು ನನ್ನ ನೋಟ್‌ಬುಕ್ ಒಯ್ದು ಇನ್ನೂ ಹಿಂದಿರುಗಿಸಿಲ್ಲ. ಆದರೆ ಎರಡು ಅಸಂಪ್ಷನ್ ಕೊಟ್ಟು 'ಒಂದನೆಯದು ಮಾತ್ರ, ಎರಡನೆಯದು ಮಾತ್ರ, ಎರಡೂ, ಯಾವುದೂ ಅಲ್ಲ' ಎಂದು ಕೇಳುವ ಮಾದರಿ ನನಗೆ ಇಂದಿಗೂ ಪೂರ್ತಿ ಒಲಿದಿಲ್ಲ. ಅಂಥ ಮೂರು ಪ್ರಶ್ನೆಗಳನ್ನು ಆ ಸಲವೂ ಖಾಲಿ ಬಿಟ್ಟೇ ಬಂದೆ.