ಟೊಂಕ ನೋವು ಡಿಸ್ಕಿನದ್ದಾ, ಕಾಲಿನ ನರದ್ದಾ? ಹೀಗೆ ನೋಡಿ

ಬಳ್ಳಾರಿಯಲ್ಲಿ ನಮ್ಮ ಓಣಿಯ ಜೀನ್ಸ್ ಹೊಲಿಯುವ ಅಣ್ಣ ಸಂಜೆ ಏಳುವಾಗ ಮೊದಲು ಮಷಿನ್ ಟೇಬಲ್ ಹಿಡಿಯುತ್ತಾರೆ, ಆಮೇಲೆ ಟೊಂಕ ಹಿಡಿಯುತ್ತಾರೆ, ಆಮೇಲೆ ನಿಧಾನಕ್ಕೆ ನೆಟ್ಟಗಾಗುತ್ತಾರೆ. 'ನರ ಒತ್ತಿದೆ' ಅಂತ ತೀರ್ಪು ಅವರದ್ದೇ. ಸರಿ, ಯಾವ ನರ?

ಮೊದಲು ನೋವಿನ ಜಾಗ ತೋರಿಸಿ. ಒಂದು ಬೆರಳಲ್ಲಿ ತೋರಿಸಲಾಗದೆ ಅಂಗೈಯನ್ನೇ ಟೊಂಕದ ಮೇಲೆ ಸವರಿದರೆ ಡಿಸ್ಕಿನ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಮೇಲೆ ಅನುಮಾನ ಪಡಬಹುದು. ಡಿಸ್ಕಿನ ನಡುವೆ ಮೆತ್ತನೆಯ ತಿರುಳು, ಸುತ್ತ ಪ್ಯಾಂಟಿನ ಸೊಂಟಪಟ್ಟಿಯಂತೆ ಪದರದ ಮೇಲೆ ಪದರ ನಾರು. ಚೆನ್ನಾಗಿರುವ ಡಿಸ್ಕಿನಲ್ಲಿ ಆ ನಾರಿನ ಹೊರಗಿನ ಮೂರನೇ ಒಂದು ಪಾಲಿಗೆ ಮಾತ್ರ ನರ ಇರುತ್ತದೆ, ತಿರುಳಿಗೆ ಇಲ್ಲವೇ ಇಲ್ಲ. ಈ ಸಣ್ಣ ನರದ ಹೆಸರು ಸೈನುವರ್ಟಿಬ್ರಲ್. ಜರ್ಮನಿಯ ಅಂಗರಚನಾ ತಜ್ಞ ಲುಶ್ಕಾ 1850ರಲ್ಲೇ ಇದನ್ನು ವಿವರಿಸಿದ್ದರು. ಇದರ ಕವಲು ಪಕ್ಕದ ಡಿಸ್ಕಿಗೂ ಹೋಗುತ್ತದೆ, ಅದಕ್ಕೇ ನೋವು ಎಲ್ಲಿಂದ ಅಂತ ಸರಿಯಾಗಿ ಗೊತ್ತಾಗುವುದಿಲ್ಲ.

ಡಿಸ್ಕ್ ಸವೆದು ನಾರು ಸೀಳಿದಾಗ ಆ ಬಿರುಕಿನ ಗುಂಟ ರಕ್ತನಾಳದ ಜೊತೆ ಹೊಸ ನರದ ಎಳೆಗಳು ಒಳಗೆ ಬೆಳೆಯುತ್ತವೆ. 1997ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಬಹಳ ದಿನ ಬೆನ್ನು ನೋವಿದ್ದವರ ಡಿಸ್ಕಿನಲ್ಲಿ ಇದನ್ನು ತೋರಿಸಿತು. ಅಂದರೆ ಯಾವ ನರವೂ ಒತ್ತದೆಯೇ ಡಿಸ್ಕ್ ತಾನಾಗಿ ನೋಯಬಹುದು!

ಈಗ ಕಾಲು ನೋಡೋಣ. ಅಂಗಾತ ಮಲಗಿ, ಮನೆಯವರು ಮೊಣಕಾಲು ಮಡಚದೆ ನಿಮ್ಮ ಕಾಲನ್ನು ಮೆಲ್ಲಗೆ ಎತ್ತಲಿ. ತೊಡೆಯ ಹಿಂದೆ ಸುಮ್ನೆ ಬಿಗಿದರೆ ಅದು ಲೆಕ್ಕಕ್ಕಿಲ್ಲ. ಮೊಣಕಾಲು ದಾಟಿ ಪಾದದವರೆಗೆ ಕರೆಂಟ್ ಹೊಡೆದಂತೆ ಇಳಿದರೆ ಕಾಲಿನ ನರದ ಬೇರು, ಅಂದರೆ ಅದು ಬೆನ್ನುಮೂಳೆಯಿಂದ ಹೊರಡುವ ಜಾಗ, ಕೆರಳಿರಬಹುದು. ಜೋರು ಮಾಡಬೇಡಿ, ನೋವು ಬಂದ ಕೂಡಲೇ ಇಳಿಸಿ. ಇದು ಅಂದಾಜು ಅಷ್ಟೇ, ಪಕ್ಕಾ ಹೇಳಬೇಕಾದವರು ಡಾಕ್ಟರು.

ಎಂಆರ್‌ಐಯಲ್ಲಿ 'ಬಲ್ಜ್' (ಡಿಸ್ಕ್ ಉಬ್ಬಿದೆ) ಅಂತ ಬರೆದಿದ್ದರೆ ಗಾಬರಿ ಬೇಡ, ನೋವೇ ಇಲ್ಲದವರಲ್ಲೂ ಅದು ಬೇಕಾದಷ್ಟು ಕಾಣುತ್ತದೆ. ಆದರೆ ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲು ಆಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಉಳಿದವರು ವಾರಗಟ್ಟಲೆ ಮಲಗಬೇಡಿ, ತಡೆಯುವಷ್ಟು ಓಡಾಡಿ. ಬಾಗಿ ಕೂತಾಗ ಡಿಸ್ಕಿನ ಮೇಲೆ ಒತ್ತಡ ಜಾಸ್ತಿ, ಆಗಾಗ ಏಳಲೇಬೇಕು. ನಮ್ಮ ಅಣ್ಣ ಈಗ ಬಾಬಿನ್ ಡಬ್ಬಿಯನ್ನು ಎದುರಿನ ಗೋಡೆಯ ಗೂಡಿನಲ್ಲಿ ಇಟ್ಟಿದ್ದಾರೆ. ದಾರ ಮುಗಿದಾಗಲೆಲ್ಲ ಬೈದುಕೊಂಡೇ ಏಳುತ್ತಾರೆ.