ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಸಾಕು

ಅಮ್ಮ ತೀರಿಕೊಂಡ ಮೇಲೆ ಸುಮಾರು ಎರಡು ವರ್ಷ ನನಗೆ ಕಾಫಿ ರುಚಿಸಲಿಲ್ಲ. ಕುಡಿಯುವುದನ್ನೇನೂ ಬಿಟ್ಟಿರಲಿಲ್ಲ. ಚಿಕ್ಕಮಗಳೂರಿನಲ್ಲಿ ಹುಟ್ಟಿ ಬೆಳೆದವರು ಅಷ್ಟು ಸುಲಭವಾಗಿ ಬಿಡುವುದೂ ಇಲ್ಲ. ದಿನಕ್ಕೆ ಮೂರು ಲೋಟ ಒಳಗೆ ಹೋಗುತ್ತಿತ್ತು, ಆದರೆ ಲೋಟ ಖಾಲಿಯಾದ ಮೇಲೆ ಕುಡಿದೆನೋ ಇಲ್ಲವೋ ಅನ್ನುವುದೇ ನೆನಪಿರುತ್ತಿರಲಿಲ್ಲ. ಅಡುಗೆ, ಕೆಲಸ, ಮಕ್ಕಳ ಫೀಸು, ನೆಂಟರ ಮದುವೆ ಎಲ್ಲವೂ ನಡೆಯುತ್ತಿತ್ತು. ಅಳುವಷ್ಟು ದುಃಖ ಇರಲಿಲ್ಲ. ಸುಮ್ನೆ ಒಂದು ಸಪ್ಪೆತನ. ಇದು ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರುತ್ತದೆ, ಅಲ್ವಾ?

ಒಂದು ಆಷಾಢದ ಬೆಳಿಗ್ಗೆ ಕರೆಂಟ್ ಇರಲಿಲ್ಲ. ರಾತ್ರಿಯಿಡೀ ಮಳೆ ಹೊಡೆದಿತ್ತು, ಫೋನಿನ ಚಾರ್ಜ್ ಮುಗಿದಿತ್ತು. ಫಿಲ್ಟರಿಗೆ ಪುಡಿ ಹಾಕಿ, ಕುದಿಯುವ ನೀರು ಸುರಿದು ಮುಚ್ಚಳ ಮುಚ್ಚಿದೆ. ಬೇರೆ ದಿನವಾಗಿದ್ದರೆ ಡಿಕಾಕ್ಷನ್ ಇಳಿಯುವ ತನಕ ಫೋನ್ ತೀಡುತ್ತಾ ನಿಲ್ಲುತ್ತಿದ್ದೆ. ಅವತ್ತು ಬೇರೆ ದಾರಿಯಿಲ್ಲದೆ ಹಿತ್ತಲ ಬಾಗಿಲಿಗೆ ಒರಗಿ ನಿಂತೆ. ದಾಸವಾಳದ ಗಿಡದ ಮೇಲೆ ಒಂದು ಮಡಿವಾಳ ಹಕ್ಕಿ ಒದ್ದೆ ರೆಕ್ಕೆ ಕೊಡವಿಕೊಳ್ಳುತ್ತಿತ್ತು. ಹೆಂಚಿನಿಂದ ನೀರು ಬೀಳುತ್ತಿತ್ತು. ಹಿಂದುಗಡೆ ಫಿಲ್ಟರಿನಿಂದ ಡಿಕಾಕ್ಷನ್ ತೊಟ್ಟಿಕ್ಕುವ ಸದ್ದು. ಬೇಗ ಇಳಿಯಲಿ ಅಂತ ಅಮ್ಮ ಫಿಲ್ಟರಿನ ನೆತ್ತಿಗೆ ಚಮಚದಲ್ಲಿ ಎರಡು ಸಲ ತಟ್ಟುತ್ತಿದ್ದದ್ದು ನೆನಪಾಯಿತು, ನಾನೂ ತಟ್ಟಿದೆ. ಅವತ್ತಿನ ಕಾಫಿ ಬಿಸಿಯಾಗಿತ್ತು, ಕಹಿಯಾಗಿತ್ತು, ತುಂಬಾ ಚೆನ್ನಾಗಿತ್ತು.

ಖುಷಿಗಾಗಿ ಹೊಸದಾಗಿ ಸಮಯ ಹೊಂದಿಸುವುದು ನಮ್ಮಂಥವರಿಗೆ ಕಷ್ಟ. ಆದರೆ ದಿನದಲ್ಲಿ ಕಾಯುವ ಹೊತ್ತು ಎಷ್ಟೊಂದು ಇದೆ ನೋಡಿ: ಹಾಲು ಉಕ್ಕುವ ತನಕ, ಬಸ್ಸು ಬರುವ ತನಕ, ಕುಕ್ಕರ್ ಮೂರು ಸಲ ಕೂಗುವ ತನಕ, ಮಳೆ ಸ್ವಲ್ಪ ಬಿಡುವ ತನಕ. ಅದನ್ನೆಲ್ಲಾ ನಾವು ಫೋನಿಗೆ ಕೊಟ್ಟುಬಿಟ್ಟಿದ್ದೇವೆ. ನಾನು ಮಾಡಿದ್ದು ಅದರಲ್ಲಿ ಸ್ವಲ್ಪವನ್ನು ವಾಪಸ್ ಪಡೆದದ್ದು, ಅಷ್ಟೇ. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಒಂದೇ ಒಂದು ಕಾಯುವ ಹೊತ್ತು ಆರಿಸಿಕೊಳ್ಳಿ

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ದಿನಾ ತಪ್ಪದೆ ಬರುವ ಒಂದು ಹೊತ್ತು ಸಾಕು. ನನಗೆ ಡಿಕಾಕ್ಷನ್ ಇಳಿಯುವ ಹೊತ್ತು ಸರಿಹೋಯಿತು. ಪುಡಿ ತರಿಯಾಗಿದ್ದರೆ ಹತ್ತು ನಿಮಿಷ, ನುಣ್ಣಗಿದ್ದು ಸ್ವಲ್ಪ ಒತ್ತಿ ಕೂರಿಸಿದ್ದರೆ ಹದಿನೈದು ನಿಮಿಷಕ್ಕೂ ಜಾಸ್ತಿ. ಅಷ್ಟು ಹೊತ್ತು ಫೋನ್ ಬೇರೆ ಕೋಣೆಯಲ್ಲಿರಲಿ. ಇದು ಮುಖ್ಯ. ಕೈಗೆ ಸಿಗುವ ಕಡೆ ಮಗುಚಿ ಇಟ್ಟರೆ ಸಾಲದು, ಕೈ ತಾನಾಗಿ ಅತ್ತ ಹೋಗುತ್ತದೆ. ರಾತ್ರಿ ಮಲಗುವ ಕೋಣೆಯ ಹೊರಗೇ ಚಾರ್ಜಿಗೆ ಹಾಕಿ, ಎಬ್ಬಿಸಲು ಒಂದು ಮಾಮೂಲಿ ಅಲಾರಾಂ ಗಡಿಯಾರ ಇಟ್ಟುಕೊಳ್ಳಿ.

ಆ ಹತ್ತು ನಿಮಿಷದಲ್ಲಿ ಏನು ಮಾಡಬೇಕು? ಬಾಗಿಲು ತೆಗೆದು ಹೊರಗೆ ನಿಲ್ಲಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ಸರಿಹೊಂದುತ್ತದೆ, ರಾತ್ರಿ ನಿದ್ದೆ ಹತ್ತುವುದಕ್ಕೂ ಅದೇ ಸಹಾಯ ಮಾಡುತ್ತದೆ. ಮೋಡ ಮುಚ್ಚಿದ ಮಲೆನಾಡಿನ ಬೆಳಿಗ್ಗೆಯಲ್ಲೂ ಹೊರಗಿನ ಬೆಳಕು ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಹೆಚ್ಚು. ಅಂಗಳ ಇಲ್ಲದವರಿಗೆ ಮಹಡಿ, ಮಹಡಿಯೂ ಇಲ್ಲದಿದ್ದರೆ ಕಿಟಕಿ.

ಮೊದಲ ನಾಲ್ಕೈದು ದಿನ ಚಡಪಡಿಕೆ ಆಗುತ್ತದೆ. ಏನೋ ಕಳೆದುಕೊಂಡ ಹಾಗೆ ಅನಿಸುತ್ತದೆ. ಮನಸ್ಸು ಎಲ್ಲೆಲ್ಲಿಗೋ ಓಡುತ್ತದೆ. 2010ರಲ್ಲಿ ಹಾರ್ವರ್ಡ್‌ನ ಇಬ್ಬರು ಸಂಶೋಧಕರು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ದಿನದಲ್ಲಿ ಆಗಾಗ 'ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗಿದ್ದೀರಿ' ಎಂದು ಫೋನಿನಲ್ಲೇ ಕೇಳಿ ನೋಡಿದ್ದರು. ಎಚ್ಚರವಾಗಿರುವ ಹೊತ್ತಿನಲ್ಲಿ ಸುಮಾರು 47 ಪ್ರತಿಶತ ಸಮಯ ಜನರ ಮನಸ್ಸು ಮಾಡುತ್ತಿರುವ ಕೆಲಸದ ಮೇಲೆ ಇರಲಿಲ್ಲ. ಹಾಗೆ ಅಲೆಯುವಾಗ ಖುಷಿಯೂ ಕಡಿಮೆ ಇತ್ತು. ಇದನ್ನು ಓದಿದಾಗ ನನಗೆ ಸಮಾಧಾನವಾಯಿತು, ಯಾಕೆಂದರೆ ಮನಸ್ಸು ಓಡುವುದು ನನ್ನೊಬ್ಬಳ ತೊಂದರೆಯಲ್ಲ. ಓಡಿದ್ದು ಗೊತ್ತಾದ ಕೂಡಲೇ ಕಣ್ಣೆದುರಿನ ಒಂದು ವಸ್ತುವಿಗೆ ವಾಪಸ್ ಬನ್ನಿ. ಒಂದು ಎಲೆ, ಒಂದು ಸದ್ದು, ಲೋಟದ ಬಿಸಿ, ಯಾವುದಾದರೂ ಸರಿ.

ವರ್ಷವಿಡೀ ಒಂದು ಗಿಡದ ಜೊತೆಗಿರಿ

ಹೊರಗೆ ನಿಂತು ನೋಡುವುದೇನು ಅಂತ ನನ್ನ ಓರಗಿತ್ತಿ ಕೇಳಿದ್ದರು. ಎಲ್ಲವನ್ನೂ ನೋಡಲು ಹೋದರೆ ಯಾವುದೂ ಕಾಣುವುದಿಲ್ಲ. ಒಂದು ಗಿಡವನ್ನೋ ಮರವನ್ನೋ ಆರಿಸಿಕೊಳ್ಳಿ, ಅದನ್ನೇ ದಿನಾ ನೋಡಿ.

ನಮ್ಮ ಕಡೆ ಇದಕ್ಕೆ ಕಾಫಿ ಗಿಡಕ್ಕಿಂತ ಒಳ್ಳೆಯದು ಇಲ್ಲ. ಬೇಸಿಗೆಯಲ್ಲಿ ರೆಂಬೆಗಳ ಗಂಟು ಗಂಟಿನಲ್ಲೂ ಮೊಗ್ಗು ಬಿಗಿದುಕೊಂಡು ಕೂತಿರುತ್ತದೆ, ವಾರಗಟ್ಟಲೆ ಏನೂ ಆಗುವುದಿಲ್ಲ, ಗೊತ್ತಿಲ್ಲದವರು ನೋಡಿದರೆ ಒಣಗಿಹೋಯಿತು ಅನ್ನಬೇಕು. ಮಾರ್ಚ್, ಏಪ್ರಿಲ್ ಹೊತ್ತಿಗೆ ಒಂದಿಂಚು ಹೂಮಳೆ ಬಿದ್ದರೆ ಸಾಕು. ತೋಟದವರು ಅವತ್ತಿನಿಂದ ಬೆರಳು ಮಡಚಿ ದಿನ ಎಣಿಸುತ್ತಾರೆ. ಎಂಟು ಹತ್ತು ದಿನಕ್ಕೆ ಒಂದು ಬೆಳಿಗ್ಗೆ ಇಡೀ ತೋಟ ಬೆಳ್ಳಗಾಗಿರುತ್ತದೆ, ಮಲ್ಲಿಗೆಯಂಥ ಪರಿಮಳ ರಸ್ತೆ ತನಕ ಬರುತ್ತದೆ, ಜೇನು ಮುತ್ತಿಕೊಂಡಿರುತ್ತದೆ. ಮೂರ್ನಾಲ್ಕು ದಿನದಲ್ಲಿ ಹೂವೆಲ್ಲಾ ಕಂದುಬಣ್ಣಕ್ಕೆ ತಿರುಗುತ್ತದೆ. ಹುಟ್ಟಿದಾಗಿನಿಂದ ಈ ಊರಲ್ಲೇ ಇದ್ದರೂ ಎಷ್ಟೋ ವರ್ಷ ಆ ಮೂರು ದಿನ ನನಗೆ ತಿಳಿಯದೆಯೇ ಕಳೆದುಹೋಗಿದೆ. ಈಗ ನಮ್ಮ ಹಿತ್ತಲಿನಲ್ಲಿ ಒಂದೇ ಒಂದು ರೊಬಸ್ಟಾ ಗಿಡವಿದೆ. ಅದಕ್ಕೆ ಮಳೆ ಬಿದ್ದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ.

ಕಾಫಿ ಗಿಡ ಇಲ್ಲದಿದ್ದರೂ ಚಿಂತೆಯಿಲ್ಲ. ಮಳೆಗಾಲದಲ್ಲಿ ಮರಗೆಸ ಎಲೆ ಬಿಡುವುದು, ಕಳಲೆ ಮಾರಾಟಕ್ಕೆ ಬರುವುದು, ಗೌರಿಹಬ್ಬದ ಹೊತ್ತಿಗೆ ಬೇಲಿಯಲ್ಲಿ ಗೌರಿಹೂ ಅರಳುವುದು, ಡಿಸೆಂಬರಿನಲ್ಲಿ ಕಣದಲ್ಲಿ ಕಾಫಿ ಹಣ್ಣು ಒಣಗುವ ಹುಳಿ ಹುಳಿ ವಾಸನೆ, ಹಾಸನದ ಕಡೆಯವರಾದರೆ ಆಲೂಗೆಡ್ಡೆ ಹೊಲ ಹೂವಾಗುವುದು. ಇಂಥ ಒಂದಕ್ಕಾಗಿ ಕಾಯುವುದಿದ್ದರೆ ಬರುವ ತಿಂಗಳಿಗೂ ಒಂದು ಅರ್ಥ ಬರುತ್ತದೆ.

ಬಸ್ ಸ್ಟ್ಯಾಂಡಿನಲ್ಲಿ ಉಸಿರಾಟ

ಇದು ಚಿಕ್ಕ ಅಭ್ಯಾಸ, ಬೇಗ ಹೇಳಿ ಮುಗಿಸುತ್ತೇನೆ. ಕಡೂರಿನ ಬಸ್ಸೋ ಮೂಡಿಗೆರೆಯ ಬಸ್ಸೋ ಬರುವ ತನಕ ನಾಲ್ಕು ಎಣಿಸುತ್ತಾ ಉಸಿರು ತೆಗೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ, ಹಾಗಾಗಿ ಬಿಡುವುದನ್ನು ಉದ್ದ ಮಾಡಿದರೆ ಮೈ ಹಗುರಾಗುತ್ತದೆ. ಹತ್ತು ಸಲ ಸಾಕು. ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ತಲೆ ಸುತ್ತಿದ ಹಾಗಾದರೆ ನಿಲ್ಲಿಸಿ.

ನಡೆಯಿರಿ, ಆದರೆ ಲೆಕ್ಕಕ್ಕಾಗಿ ಅಲ್ಲ

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಇಪ್ಪತ್ತೆರಡು ನಿಮಿಷ ಆಯಿತು. ಆದರೆ ಮನಸ್ಸು ಸಪ್ಪೆಯಾಗಿದ್ದಾಗ ಈ ಲೆಕ್ಕ ಹಿಡಿದು ಹೊರಟರೆ ಎರಡನೇ ವಾರಕ್ಕೆ ನಿಂತುಹೋಗುತ್ತದೆ. ನನಗೆ ಹಾಗೇ ಆಗಿತ್ತು.

ಅದರ ಬದಲು ಹೋಗಲು ಒಂದು ಜಾಗ ಇಟ್ಟುಕೊಳ್ಳಿ. ನಾನು ಸಂಜೆ ರತ್ನಗಿರಿ ಬೋರೆಗೆ ಹತ್ತುತ್ತೇನೆ. ಮೇಲೆ ನಿಂತರೆ ಚಂದ್ರದ್ರೋಣ ಬೆಟ್ಟಸಾಲು ಕಾಣುತ್ತದೆ. ಮುಳ್ಳಯ್ಯನಗಿರಿಯ ತಲೆಗೆ ಮೋಡ ಕೂತಿದೆಯೋ ಇಲ್ಲವೋ ಅಂತ ನೋಡುವುದಷ್ಟೇ ನನ್ನ ಕೆಲಸ. ನಾಡಿನ ಅತಿ ಎತ್ತರದ ಶಿಖರ ಮನೆಯಿಂದ ಇಷ್ಟು ಹತ್ತಿರ ಇದೆ ಅನ್ನುವುದನ್ನೇ ನಾವು ಮರೆತಿರುತ್ತೇವೆ, ಬೆಂಗಳೂರಿನವರು ಅದನ್ನು ನೋಡಲು ರಾತ್ರಿಯಿಡೀ ಗಾಡಿ ಓಡಿಸಿಕೊಂಡು ಬರುತ್ತಾರೆ. ಹಾಸನದವರಿಗೆ ಮಹಾರಾಜ ಪಾರ್ಕಿನ ಮರಗಳಿವೆ. ಜಡಿಮಳೆಯಲ್ಲಿ ಹೊರಗೆ ಹೋಗಲು ಆಗದಿದ್ದರೆ ಮನೆಯೊಳಗೇ ಮೆಟ್ಟಿಲು ಹತ್ತಿ ಇಳಿಯಿರಿ.

ದಿನಕ್ಕೊಬ್ಬರ ಜೊತೆ ಕೆಲಸವಿಲ್ಲದ ಮಾತು

ಇದನ್ನು ದಯವಿಟ್ಟು ಬಿಡಬೇಡಿ. ಮನಸ್ಸು ಮಂಕಾದಾಗ ನಾವು ಮೊದಲು ಬಿಡುವುದೇ ಜನರನ್ನು. ಫೋನ್ ಬಂದರೆ ಆಮೇಲೆ ಮಾಡಿದರಾಯಿತು ಅನ್ನುತ್ತೇವೆ, ಆ ಆಮೇಲೆ ಬರುವುದೇ ಇಲ್ಲ. ಮಾತಾಡಿದರೂ ಕೆಲಸದ ಮಾತು: ದುಡ್ಡು ಹಾಕಿದೆಯಾ, ಗ್ಯಾಸ್ ಬಂತಾ, ಎಷ್ಟು ಗಂಟೆಗೆ ಬರುತ್ತೀಯಾ.

ದಿನಕ್ಕೆ ಒಬ್ಬರಿಗೆ, ಐದು ನಿಮಿಷ, ಯಾವ ಕೆಲಸವೂ ಇಲ್ಲದೆ ಮಾತಾಡಿ. ಮೆಸೇಜ್ ಬೇಡ, ದನಿ ಕೇಳಿಸಬೇಕು. ಶುರು ಮಾಡುವುದು ಹೇಗೆ ಅಂತ ತೋಚದಿದ್ದರೆ ನಮ್ಮ ಕಡೆ ಯಾವಾಗಲೂ ಒಂದು ದಾರಿಯಿದೆ, 'ನಿಮ್ಮಲ್ಲಿ ಮಳೆ ಹೇಗೆ?' ಅಂತ ಕೇಳಿ. ಆಲ್ದೂರಿನಲ್ಲಿ ಹೊಡೆಯುತ್ತಿರುತ್ತದೆ, ಕಡೂರಿನಲ್ಲಿ ಹನಿಯೂ ಇರುವುದಿಲ್ಲ, ಅಷ್ಟರಲ್ಲಿ ಮಾತು ಎಲ್ಲಿಂದೆಲ್ಲಿಗೋ ಹೋಗಿರುತ್ತದೆ. ಅಮ್ಮನ ಗೆಳತಿಯೊಬ್ಬರಿಗೆ ನಾನು ಹೀಗೆ ಫೋನ್ ಮಾಡಿದೆ. ಅಮ್ಮ ಕಡುಬಿನ ಜೊತೆಗೆ ಮಾಡುತ್ತಿದ್ದ ಚಟ್ನಿಗೆ ಹುಣಸೆಹಣ್ಣಿನ ಬದಲು ಸೂಜಿಮೆಣಸಿನ ಜೊತೆ ಅಮಟೆಕಾಯಿ ಹಾಕುತ್ತಿದ್ದರಂತೆ. ಎರಡು ವರ್ಷ ಆ ರುಚಿ ನನಗೆ ಬರದೆ ಒದ್ದಾಡಿದ್ದೆ. ಅವರು ಹೇಳುತ್ತಾ ಹೋದರು, ನಾನು ಅಳುತ್ತಾ ಬರೆದುಕೊಂಡೆ. ಅದು ಒಳ್ಳೆಯ ಅಳು.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿಯೇ ಹೇಳಬೇಕು. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಆಸಕ್ತಿಯೇ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಗಿಡ ನೋಡುವುದರಿಂದ, ನಡೆಯುವುದರಿಂದ ಮಾತ್ರ ಅದು ಸರಿಹೋಗುವುದಿಲ್ಲ. ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ, ನಂಬರ್ 14416. ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕು ಬೇಡ ಅನ್ನುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ಫೋನ್ ಮಾಡಿ, ಮನೆಯವರಿಗೂ ಹೇಳಿ.

ಕೈಗೆ ಕೆಲಸ

ದಿನಕ್ಕೆ ಒಂದು ಕೆಲಸ ಕೈಯಿಂದ, ನಿಧಾನವಾಗಿ. ಅಕ್ಕಿರೊಟ್ಟಿ ತಟ್ಟುವುದು, ಹೂ ಕಟ್ಟುವುದು, ಬಟ್ಟೆಗೆ ಗುಂಡಿ ಹಾಕುವುದು, ಸೈಕಲ್ ಚೈನಿಗೆ ಎಣ್ಣೆ ಬಿಡುವುದು. ಶುರುವಾಗಿ ಅರ್ಧ ಗಂಟೆಯೊಳಗೆ ಮುಗಿಯುವಂಥದ್ದು ಇರಲಿ. ಮುಗಿದದ್ದು ಕಣ್ಣಿಗೆ ಕಾಣಬೇಕು. ಇದನ್ನು ಗಂಡಸರಿಗೆ ವಿಶೇಷವಾಗಿ ಹೇಳುತ್ತೇನೆ, ನಿವೃತ್ತಿಯಾದ ಮೇಲೆ ಕೈಗೆ ಕೆಲಸವಿಲ್ಲದೆ ಕುಗ್ಗಿಹೋದವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಮಧ್ಯಾಹ್ನ ಮೂರು ಗಂಟೆ ಮೇಲೆ ಕಾಫಿ ಬೇಡ ಅಂತ ಕಾಫಿ ಊರಿನಲ್ಲಿ ಹೇಳುವುದು ಸುಲಭವಲ್ಲ. ಆದರೆ ಕುಡಿದ ಕೆಫೀನಿನಲ್ಲಿ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ನಿದ್ದೆ ಸರಿಯಿಲ್ಲದವರು ಸಂಜೆಗೆ ಜೀರಿಗೆ ಕಷಾಯ ಮಾಡಿಕೊಳ್ಳಿ. ನಿದ್ದೆ ಕೆಟ್ಟರೆ ಉಳಿದ ಅಭ್ಯಾಸ ಯಾವುದೂ ನಿಲ್ಲುವುದಿಲ್ಲ.

ಮಲಗುವ ಮುಂಚೆ ಒಂದು ಸಾಲು

ಅಂಗಡಿಯ ಲೆಕ್ಕದ ಪುಸ್ತಕ ಸಾಕು. ಅವತ್ತು ಚೆನ್ನಾಗಿದ್ದ ಒಂದು ಸಂಗತಿ ಬರೆಯಿರಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಹತ್ತು ವಾರ, ವಾರಕ್ಕೊಮ್ಮೆ, ಕೃತಜ್ಞತೆ ಅನಿಸಿದ ಸಂಗತಿಗಳನ್ನು ಬರೆಯಲು ಹೇಳಿದ್ದರು. ಕಿರಿಕಿರಿಗಳನ್ನು ಬರೆದವರಿಗಿಂತ ಇವರು ಬದುಕಿನ ಬಗ್ಗೆ ಹೆಚ್ಚು ನೆಮ್ಮದಿಯಿಂದ ಇದ್ದರು. ಹಾಗಾಗಿ ದಿನಾ ಆಗದಿದ್ದರೆ ವಾರಕ್ಕೊಮ್ಮೆ ಬರೆದರೂ ನಡೆಯುತ್ತದೆ.

'ಆರೋಗ್ಯ ಇದೆ, ಮನೆ ಇದೆ' ಅಂತ ಬರೆಯಬೇಡಿ, ಮೂರನೇ ದಿನಕ್ಕೆ ಅದು ಬರೀ ಮಾತಾಗುತ್ತದೆ. ಅವತ್ತಿನದು, ಅವತ್ತು ಮಾತ್ರ ಆದದ್ದು ಬರೆಯಿರಿ. ನನ್ನ ಪುಸ್ತಕದಲ್ಲಿ ಹೋದ ತಿಂಗಳು ಹೀಗಿದೆ: 'ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ಸೀಬೆಹಣ್ಣಿನ ಅರ್ಧ ಕೊಟ್ಟರು.' 'ಎಂ.ಜಿ. ರೋಡಿನಲ್ಲಿ ಕಾಫಿ ಹುರಿಯುವ ವಾಸನೆ, ಸ್ವಲ್ಪ ಹೊತ್ತು ನಿಂತೆ.' 'ಮಗಳು ಸುಮ್ನೆ ಫೋನ್ ಮಾಡಿದಳು.' 'ಅಮಟೆಕಾಯಿ ಚಟ್ನಿ ಸರಿಯಾಗಿ ಬಂತು.'

ನಡುವೆ ಖಾಲಿ ಸಾಲುಗಳೂ ಇವೆ. ಏನೂ ಹೊಳೆಯದ ದಿನ ಬಲವಂತವಾಗಿ ಹುಡುಕಬೇಡಿ. ತಾರೀಕು ಮಾತ್ರ ಬರೆದು, ಫಿಲ್ಟರ್ ತೊಳೆದು ಬೋರಲು ಹಾಕಿ ಮಲಗಿ.